5 ಮಿಲಿಸೆಕೆಂಡ್ ಅಂದರೆ ಎಷ್ಟು ಅಂತ ಕೊಬ್ಬರಿ ಮಂಡಿಯಲ್ಲಿ ಗೊತ್ತಾಯಿತು

ಮಾಮೂಲಿ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಷ್ಟೇ ಥ್ರೆಡ್ (ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ನಡೆಯುವ ಕೆಲಸದ ಎಳೆ) ಇದ್ದರೂ, ಜಿಐಎಲ್ ಅನ್ನೋ ಬೀಗ ಯಾರ ಕೈಯಲ್ಲಿದೆಯೋ ಅದೊಂದೇ ಓಡುತ್ತದೆ. ಇನ್ನೊಂದಕ್ಕೆ ಬೇಕಾದರೆ 5 ಮಿಲಿಸೆಕೆಂಡ್ ಕಾದು, ಆಮೇಲೆ "ಬಿಡಪ್ಪಾ" ಅಂತ ಕೇಳಬೇಕು. 2011ರಲ್ಲಿ ಬಂದ ಪೈಥಾನ್ 3.2 ಆವೃತ್ತಿಯಿಂದ ಹೀಗೆ. ಅದಕ್ಕೂ ಮುಂಚೆ ಗಡಿಯಾರದ ಲೆಕ್ಕವೇ ಇರಲಿಲ್ಲ, ಸುಮಾರು 100 ಬೈಟ್‌ಕೋಡಿಗೊಮ್ಮೆ, ಅಂದರೆ ಪ್ರೋಗ್ರಾಮಿನ 100 ಪುಟ್ಟ ಹೆಜ್ಜೆಗೊಮ್ಮೆ, ಸರದಿ ಬದಲಾಗುತ್ತಿತ್ತು.

5 ಮಿಲಿಸೆಕೆಂಡ್ ತಾನೇ, ಯಾರಿಗೆ ಗೊತ್ತಾಗುತ್ತೆ ಅನ್ನಿಸುತ್ತೆ ಅಲ್ವಾ?

ನಾನಿರೋದು ತುಮಕೂರಿನ ಒಂದು ಚಿಕ್ಕ ಸಾಫ್ಟ್‌ವೇರ್ ಆಫೀಸಿನಲ್ಲಿ. ಮಂಡಿಗಳಿಗೆ ತೂಕ, ಬಿಲ್ಲಿನ ಪ್ರೋಗ್ರಾಂ ಮಾಡಿಕೊಡುತ್ತೇವೆ. ತಿಪಟೂರಿನ ಮಂಡಿಯೊಂದರಿಂದ ಫೋನ್ ಬರುತ್ತಲೇ ಇತ್ತು: "ಸಾರ್, ಚೀಲ ಇಳಿಸಿ ಆಯ್ತು, ಸ್ಕ್ರೀನಲ್ಲಿ ಹಳೇ ತೂಕಾನೇ ನಿಂತಿದೆ. ಹಮಾಲರು ಸುಮ್ನೆ ಕಾಯ್ತಾ ಇದಾರೆ." ಎಲ್ಲರಿಗೂ ಮೊದಲು ಅನುಮಾನ ಬಂದಿದ್ದು ಕೇಬಲ್ ಮೇಲೆ. ಕೇಬಲ್ ಬದಲಾಯಿತು, ತೊಂದರೆ ಹಾಗೇ ಉಳಿಯಿತು. ಆಮೇಲೆ ಗಮನಿಸಿದ್ದು ಏನೆಂದರೆ, ಒಳಗೆ ಕೂತವರು ದಿನದ ಲೆಕ್ಕದ ವರದಿ ತೆಗೆದಾಗ ಮಾತ್ರ ಹೀಗಾಗುತ್ತದೆ.

ತೂಕದ ಯಂತ್ರ ಸೀರಿಯಲ್ ಪೋರ್ಟಿನಲ್ಲಿ 9600 ಬಾಡ್ ವೇಗದಲ್ಲಿ ತೂಕ ಕಳಿಸುತ್ತಲೇ ಇರುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 960 ಬೈಟ್. ನಮ್ಮ ಹಳೇ ಕೋಡ್ ಒಂದೊಂದೇ ಬೈಟ್ ಓದುತ್ತಿತ್ತು. ಓದಲು ಹೋಗುವಾಗ ಆ ತೂಕದ ಥ್ರೆಡ್ ಒಳ್ಳೇತನದಿಂದ ಬೀಗ ಬಿಟ್ಟು ಹೋಗುತ್ತದೆ. ವಾಪಸ್ ಬರುವಷ್ಟರಲ್ಲಿ ವರದಿಯ ಥ್ರೆಡ್ ಅದನ್ನು ಹಿಡಿದಿರುತ್ತದೆ, ಅದು ಲೆಕ್ಕ ಬಿಟ್ಟು ಬೇರೇನೂ ಮಾಡುವುದಿಲ್ಲವಾದ್ದರಿಂದ ತಾನಾಗಿ ಬಿಡುವುದೂ ಇಲ್ಲ. ಪ್ರತಿ ಸ್ಟಾಪಿನಲ್ಲೂ ಬಸ್ಸಿಳಿದು ಹತ್ತುವವನಿಗೆ ಸೀಟು ಸಿಕ್ಕೀತೇ? ಹೀಗೆ ಒಂದು ಬೈಟಿಗೆ 5 ಮಿಲಿಸೆಕೆಂಡ್, ಕೆಲವೊಮ್ಮೆ ಜಾಸ್ತಿ. ಸೆಕೆಂಡಿಗೆ 200 ಬೈಟ್ ಓದಿದರೆ ಹೆಚ್ಚು. ಉಳಿದದ್ದು ಬಫರಿನಲ್ಲಿ, ಅಂದರೆ ಬಂದ ಬೈಟ್ ಕಾಯುವ ಜಾಗದಲ್ಲಿ, ಸಾಲು ನಿಲ್ಲುತ್ತದೆ, ಸ್ಕ್ರೀನ್ ಆ ಸಾಲಿನ ಹಳೇ ತೂಕವನ್ನು ತೋರಿಸುತ್ತಾ ಕೂರುತ್ತದೆ.

ಸ್ವಿಚ್ ಇಂಟರ್‌ವಲ್ (ಬೀಗ ಕೇಳುವ ಮುಂಚೆ ಕಾಯುವ ಆ 5 ಮಿಲಿಸೆಕೆಂಡ್) ಅನ್ನು ಕಡಿಮೆ ಮಾಡಿ ನೋಡಿದೆವು. ತಡ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಯಾಕೆಂದರೆ ಅದು ಬರೀ ಕೋರಿಕೆ. ಓಡುತ್ತಿರುವ ಥ್ರೆಡ್ ಬೈಟ್‌ಕೋಡುಗಳ ನಡುವೆ ಮಾತ್ರ ಅದನ್ನು ನೋಡುತ್ತದೆ. ದೊಡ್ಡ ಲಿಸ್ಟನ್ನು ಸಾರ್ಟ್ ಮಾಡುವುದು ಪೈಥಾನ್ ಒಳಗಿನ ಸಿ ಭಾಷೆಯ ಒಂದೇ ಕರೆಯಲ್ಲಿ ನಡೆಯುತ್ತದೆ, ಮುಗಿಯುವ ತನಕ ಬೀಗ ಸಿಗುವುದಿಲ್ಲ. ಬಿಟ್ಟ ಮೇಲೂ ಮುಂದಿನ ಸರದಿ ಯಾರದು ಅಂತ ಪೈಥಾನ್ ಹೇಳುವುದಿಲ್ಲ, ಅದು ಆಪರೇಟಿಂಗ್ ಸಿಸ್ಟಮ್ಮಿನ ಇಷ್ಟ.

ಕೊನೆಗೆ ಮಾಡಿದ್ದು ಇಷ್ಟೇ: ಬಫರಿನಲ್ಲಿ ಬಂದಿರುವುದನ್ನೆಲ್ಲ ಒಂದೇ ಸಲಕ್ಕೆ ಓದುವುದು, ವರದಿಯನ್ನು ಬೇರೆ ಪ್ರೊಸೆಸ್ಸಿಗೆ (ಪ್ರತ್ಯೇಕವಾಗಿ ಓಡುವ ಪ್ರೋಗ್ರಾಮಿಗೆ) ತಳ್ಳುವುದು. ಬೇರೆ ಪ್ರೊಸೆಸ್ಸಿಗೆ ಬೇರೆ ಬೀಗ, ಜಗಳವೇ ಇಲ್ಲ.

ಗೋ ಭಾಷೆಯಲ್ಲಿ ಬರೆದಿದ್ದರೆ ಇದೆಲ್ಲ ಇರುತ್ತಿರಲಿಲ್ಲ ಅಂತ ಆಫೀಸಿನ ಹುಡುಗನೊಬ್ಬ ಅಂದ. ಒಂದು ಮಟ್ಟಿಗೆ ನಿಜ. ಆದರೆ ಅಲ್ಲೂ 2020ರ 1.14 ಆವೃತ್ತಿ ಬರುವ ತನಕ, ಯಾವ ಫಂಕ್ಷನ್ನನ್ನೂ ಕರೆಯದ ಬಿಗಿ ಲೂಪ್ ಒಂದು ಕೂತರೆ ಅದನ್ನು ಎಬ್ಬಿಸಲು ಆಗುತ್ತಿರಲಿಲ್ಲ. ಜಿಐಎಲ್ ಇಲ್ಲದ ಪೈಥಾನ್ ಕೂಡ 2024ರಲ್ಲಿ 3.13ರ ಜೊತೆ ಪ್ರಯೋಗಕ್ಕೆ ಬಂತು. ಮಂಡಿಯ ಹಳೇ ಕಂಪ್ಯೂಟರಿಗೆ ಅದನ್ನು ಹಾಕುವ ಧೈರ್ಯ ನನಗಂತೂ ಸದ್ಯಕ್ಕಿಲ್ಲ.