ಇದಾ, ಇದಾ, ಇದಾ

15 ಜೂನ್ 2025, ಭಾನುವಾರ, ರಾತ್ರಿ 11.30

ಸೋಫಾ ಕೆಳಗೆ ಇನ್ನೂ ಮಂಡಕ್ಕಿ ಬಿದ್ದಿದೆ. ನಾಳೆ ಗುಡಿಸಿದರಾಯ್ತು. ಪುಟ್ಟಿ ಹೊಸ ಫ್ರಾಕಲ್ಲೇ ಮಲಗಿದ್ದಾಳೆ, ಬಿಚ್ಚೋಕೆ ಬಿಡಲಿಲ್ಲ. ಹುಟ್ಟಿದಬ್ಬ ನಿನ್ನೆ, ಮಾಡಿದ್ದು ಇವತ್ತು. ಹದಿಮೂರು ಮಕ್ಕಳು ಬಂದಿದ್ದರು. ಕೇಕು, ಮಂಡಕ್ಕಿ, ಮೆಣಸಿನಕಾಯಿ ಎಲ್ಲಾ ಸಾಕಾಗುವಷ್ಟಾಯ್ತು, ಯಾರೂ ಬಿದ್ದು ಗಾಯ ಮಾಡಿಕೊಳ್ಳಲಿಲ್ಲ. ಆದರೂ ನಿದ್ದೆ ಹತ್ತುತ್ತಿಲ್ಲ. ಒಂದು ಆಟ ತಲೆಯಲ್ಲಿ ಕೂತುಬಿಟ್ಟಿದೆ.

ಆಟಗಳ ಜವಾಬ್ದಾರಿ ನಂದೇ. ಡ್ಯಾನ್ಸು, ಬಲೂನ್ ಒಡೆಯೋದು ನನಗೆ ಹಿಡಿಸಲ್ಲ, ಗಟ್ಟಿ ಇರೋ ನಾಲ್ಕು ಮಕ್ಕಳು ಆಡ್ತಾವೆ, ಉಳಿದವು ಗೋಡೆಗೆ ಒರಗಿ ನಿಲ್ತಾವೆ. ಊಹೆ ಆಟ ಹಾಗಲ್ಲ, ಕೂತ ಜಾಗದಲ್ಲೇ ಎಲ್ಲರೂ ಸೇರ್ತಾರೆ. ಹಳೇ ಲಗ್ನಪತ್ರಿಕೆಗಳ ಹಿಂಬದಿಗೆ ಸ್ಕೆಚ್ ಪೆನ್ನಲ್ಲಿ ಅಂಕಿ ಬರೆದು ಐದು ಕಾರ್ಡು ಮಾಡಿದ್ದೆ. ಒಂದೊಂದರಲ್ಲಿ 16 ಅಂಕಿ. ಮೊದಲನೇ ಅಂಕಿಗಳು ಮಾತ್ರ 1, 2, 4, 8, 16. ಹುಟ್ಟಿದ ತಾರೀಖನ್ನ ಮನಸ್ಸಲ್ಲಿ ಇಟ್ಟುಕೊಂಡು, ಅದು ಯಾವ್ಯಾವ ಕಾರ್ಡಲ್ಲಿದೆ ಅಂತ ಮಗು ತೋರಿಸಬೇಕು. ಆ ಕಾರ್ಡುಗಳ ಮೊದಲನೇ ಅಂಕಿ ಕೂಡಿದರೆ ತಾರೀಖು ಕೈಗೆ ಬರುತ್ತೆ. ಪುಟ್ಟಿಯ 14 ಇರೋದು 2, 4, 8ರ ಕಾರ್ಡುಗಳಲ್ಲಿ. ಐದೂ ಕೂಡಿದರೆ ಸರಿಯಾಗಿ 31, ತಿಂಗಳ ತಾರೀಖೂ ಅಲ್ಲಿಗೇ ಮುಗಿಯುತ್ತೆ. ಎಷ್ಟು ವರ್ಷದಿಂದ ಗಣಿತ ಟ್ಯೂಷನ್ ಹೇಳ್ತಿದ್ದರೂ ಈ ಹೊಂದಾಣಿಕೆ ನೋಡಿದಾಗ ನನಗೆ ಈಗಲೂ ಖುಷಿ.

ಮೇಲಿನ ಮನೆ ಹುಡುಗನ ಸರದಿ ಬಂತು. ಜಗಳೂರು ಕಡೆಯಿಂದ ಬಾಡಿಗೆಗೆ ಬಂದು ಎರಡು ತಿಂಗಳಾಯ್ತಲ್ಲ, ಅವರ ಹುಡುಗ. ಮೂರನೇ ಕ್ಲಾಸು. ಕಾರ್ಡು ನೋಡೋದಕ್ಕಿಂತ ನನ್ನ ಮುಖ ನೋಡಿದ್ದೇ ಹೆಚ್ಚು. ಆಗ ಅದನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಆಮೇಲೆ ಅತ್ತೆ ಉಂಗುರದ ಆಟ ಆಡಿಸಿದರು. ದಾರಕ್ಕೆ ಉಂಗುರ ಪೋಣಿಸಿ, ಸುತ್ತ ಕೂತವರ ಮುಷ್ಟಿಯೊಳಗೇ ಜಾರಿಸ್ತಾ ಹೋಗೋದು, ನಡುವೆ ನಿಂತವರು ಯಾರ ಕೈಲಿದೆ ಅಂತ ಹೇಳೋದು. ಆಮೇಲೆ ಇಪ್ಪತ್ತು ಪ್ರಶ್ನೆ. ದೊಡ್ಡಕ್ಕನ ಮಗ ಒನಕೆ ಓಬವ್ವನ ಒನಕೆ ನೆನೆಸಿಕೊಂಡಿದ್ದ, ಹದಿನೇಳನೇ ಪ್ರಶ್ನೆಗೆ ಸಿಕ್ಕಿಬಿದ್ದ. ಮಕ್ಕಳು ಶುರುವಿಗೇ ‘ಅದು ಆನೆನಾ? ಬಸ್ಸಾ?’ ಅಂತ ಪ್ರಶ್ನೆ ದಂಡ ಮಾಡ್ತಾರೆ. ಜೀವ ಇದೆಯಾ, ಮನೆಯೊಳಗೆ ಇರುತ್ತಾ ಅಂತ ಅರ್ಧರ್ಧ ಸೀಳ್ತಾ ಹೋದರೆ ಇಪ್ಪತ್ತೇ ಪ್ರಶ್ನೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳಲ್ಲಿ ಒಂದನ್ನ ಹಿಡೀಬಹುದು, 10,48,576.

ಕೊನೆಗೆ ‘ಇದಾ ಇದಾ’. ಪುಟ್ಟಿ ಹೊರಗೆ ಹೋಗ್ತಾಳೆ. ಮಕ್ಕಳು ಕೋಣೆಯಲ್ಲಿರೋ ಒಂದು ವಸ್ತು ಆರಿಸಿ ನನ್ನ ಕಿವಿಯಲ್ಲಿ ಹೇಳ್ತಾರೆ. ಅವಳು ಒಳಗೆ ಬಂದಮೇಲೆ ನಾನು ಒಂದೊಂದೇ ತೋರಿಸ್ತಾ ‘ಇದಾ? ಇದಾ?’ ಅಂತ ಕೇಳ್ತೀನಿ. ಗುಟ್ಟು ನನಗೂ ಅವಳಿಗೂ ಮಾತ್ರ ಗೊತ್ತು: ಕಪ್ಪು ಬಣ್ಣದ ವಸ್ತು ತೋರಿಸಿದ ಮೇಲೆ ಮುಂದಿನದೇ ಉತ್ತರ. ಗಡಿಯಾರ, ಕ್ಯಾಲೆಂಡರು, ಅತ್ತೆಯ ಕಪ್ಪು ಛತ್ರಿ, ಹಿತ್ತಾಳೆ ಚೊಂಬು. ‘ಚೊಂಬು!’

ನಾಲ್ಕನೇ ಸುತ್ತಿಗೆ ಇಬ್ಬರಿಗೆ ಹೊಳೀತು, ಅವರು ಇನ್ನಿಬ್ಬರ ಕಿವಿ ಕಚ್ಚಿದರು. ಇಂಥ ಆಟದಲ್ಲಿ ನಾನು ಎಚ್ಚರ ತಪ್ಪೋದಿಲ್ಲ. ಕೊನೆಗೆ ಉಳಿದ ಒಂದೆರಡು ಮಕ್ಕಳನ್ನ ಪಕ್ಕಕ್ಕೆ ಕರೆದು ನಾನೇ ಗುಟ್ಟು ಹೇಳ್ತೀನಿ. ಎಲ್ಲರಿಗೂ ಗೊತ್ತಿದ್ದು ಒಂದು ಮಗುವಿಗೆ ಮಾತ್ರ ಗೊತ್ತಿಲ್ಲ ಅಂದರೆ ಅದು ಆಟ ಅಲ್ಲ, ಹಿಂಸೆ. ಹಾಗಂತಲೇ ಆ ಹುಡುಗನ ಹತ್ತಿರ ಬಗ್ಗಿದೆ.

‘ನಂಗೆ ಗೊತ್ತೈತಿ ಆಂಟಿ,’ ಅಂದ.

ಹೊರಗೆ ಕಳಿಸಿದ್ವಿ. ಬಂದು ಸರಿಯಾಗಿ ಹೇಳಿದ. ಮತ್ತೆ ಕಳಿಸಿದ್ವಿ, ಮತ್ತೆ ಸರಿ. ‘ಹೆಂಗ್ ಗೊತ್ತಾತೋ?’ ಅಂದರೆ ಸುಮ್ಮನೆ ನಿಂತ. ಕಪ್ಪು ಅನ್ನೋ ಮಾತೇ ಅವನ ಬಾಯಲ್ಲಿ ಬರಲಿಲ್ಲ. ‘ಸುಳ್ಳು ಆಂಟಿ, ಇವ್ನಿಗೆ ಯಾರೋ ಹೇಳ್ಕೊಟ್ಟಾರ’ ಅಂತ ಉಳಿದವು ಗಲಾಟೆ ಎಬ್ಬಿಸಿದವು. ನನಗೆ ಅನುಮಾನ ಬಂತು. ಮುಂದಿನ ಸುತ್ತಲ್ಲಿ ಕಪ್ಪು ವಸ್ತು ಮುಟ್ಟಲೇ ಇಲ್ಲ. ದಿಂಬು, ಫ್ಯಾನಿನ ಸ್ವಿಚ್ಚು, ಕೇಕಿನ ಡಬ್ಬ, ಬಾಗಿಲ ತೋರಣ. ಪುಟ್ಟಿ ಪಿಳಿಪಿಳಿ ನೋಡ್ತಾ ನಿಂತಳು. ಆ ಹುಡುಗ ಮಾತ್ರ ‘ತೋರಣ’ ಅಂದ. ತೋರಣವೇ.

ಆಗ ನೆನಪಾಗಿದ್ದು ಬರ್ಲಿನ್ನಿನ ಆ ಕುದುರೆ, ಕ್ಲೆವರ್ ಹಾನ್ಸ್. ವಿಲ್ಹೆಲ್ಮ್ ಫಾನ್ ಓಸ್ಟೆನ್ ಅಂತ ನಿವೃತ್ತ ಗಣಿತ ಮೇಷ್ಟ್ರು ಸಾಕಿದ್ದು. ಲೆಕ್ಕ ಕೇಳಿದರೆ ಗೊರಸಿನಿಂದ ನೆಲ ಕುಟ್ಟಿ ಉತ್ತರ ಹೇಳ್ತಿತ್ತು. 1904ರಲ್ಲಿ ದೊಡ್ಡ ದೊಡ್ಡವರ ಸಮಿತಿಯೇ ಕೂತು ನೋಡಿ ಮೋಸ ಏನೂ ಇಲ್ಲ ಅಂದಿತ್ತು. ಮೋಸ ಇರಲೂ ಇಲ್ಲ. ಓಸ್ಕರ್ ಫುಂಗ್ಸ್ಟ್ ಅನ್ನೋನು ಪ್ರಶ್ನೆ ಕೇಳೋರಿಗೇ ಉತ್ತರ ಗೊತ್ತಿಲ್ಲದ ಹಾಗೆ ಮಾಡಿ ನೋಡಿದ, ಕುದುರೆ ತಪ್ಪೋಕೆ ಶುರುವಾಯ್ತು. ಎಣಿಕೆ ಸರಿಯಾದ ಜಾಗಕ್ಕೆ ಬಂದ ತಕ್ಷಣ ಕೇಳೋರ ತಲೆ ತಮಗೇ ಗೊತ್ತಾಗದಷ್ಟು ಅಲುಗುತ್ತಿತ್ತು. ಕುದುರೆ ಅದನ್ನ ನೋಡಿ ಕುಟ್ಟೋದು ನಿಲ್ಲಿಸ್ತಿತ್ತು. 1907ರಲ್ಲಿ ಫುಂಗ್ಸ್ಟ್ ಇದನ್ನೆಲ್ಲ ಬರೆದ.

ಇವರನ್ನ ಅಡುಗೆಮನೆಯಿಂದ ಕರೆದೆ. ಮಕ್ಕಳು ಏನು ಆರಿಸಿದ್ದಾರೆ ಅಂತ ಹೇಳದೇ ‘ಇದಾ ಇದಾ’ ಕೇಳಿಸಿದೆ. ಹುಡುಗ ಇವರ ಮುಖವನ್ನೇ ನೋಡಿದ, ನೋಡಿದ, ‘ಗೊತ್ತಾಗ್ತಿಲ್ಲ’ ಅಂದ. ಇನ್ನೊಂದು ಸಲ ಆಡಿಸಿದೆ. ‘ಅಂಕಲ್‌ಗೇ ಗೊತ್ತಿಲ್ಲ’ ಅಂದ.

ಮಕ್ಕಳೆಲ್ಲ ಚಪ್ಪಾಳೆ ಹೊಡೆದವು. ಸುಳ್ಳ ಅಂದ ಹುಡುಗಿಯೇ ಅವನ ಕೈ ಹಿಡಿದು ‘ನಂಗೂ ಹೇಳ್ಕೊಡೋ’ ಅಂತ ಗಂಟುಬಿದ್ದಳು. ಅವನ ಮುಖ ಅರಳಿತು. ಎರಡು ತಿಂಗಳಲ್ಲಿ ಅವನು ನಕ್ಕಿದ್ದು ನಾನು ನೋಡಿದ್ದು ಇವತ್ತೇ. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿರ್ತಿತ್ತು.

ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ತಿದ್ದ. ಮೆಲ್ಲಗೆ ಕೇಳಿದೆ, ನನ್ನಲ್ಲಿ ಏನು ನೋಡ್ದೆ ಮರಿ ಅಂತ.

‘ಸರಿಯಾದ್ದು ಬಂದಾಗ ನೀವು ಉಸಿರು ಹಿಡೀತೀರಿ ಆಂಟಿ.’ ಬಲಗಾಲಿನ ಚಪ್ಪಲಿ ಉಂಗುಷ್ಟದ ಪಟ್ಟಿ ಕಿತ್ತಿತ್ತು, ಅದಕ್ಕೆ ಪಿನ್ನು ಚುಚ್ಚಿತ್ತು. ಆ ಪಿನ್ನು ಸರಿಮಾಡಿಕೊಳ್ತಾ, ತಲೆ ಎತ್ತದೆ, ‘ನಮ್ಮಪ್ಪಾಜಿನೂ ಹಿಡೀತಾರೆ, ಮೊದ್ಲು,’ ಅಂದ.

ಮೊದಲು ಅಂದರೆ ಯಾವುದಕ್ಕೆ ಮೊದಲು ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು. ಮೆಟ್ಟಿಲು ಹತ್ತಿ ಹೋದ.

ನಾನೂ ಹಾಗೇ ಬೆಳೆದವಳು. ಅಪ್ಪಾಜಿ ಮಿಲ್ಲಿಂದ ಬಂದು ಸೈಕಲ್ ಸ್ಟ್ಯಾಂಡ್ ಹಾಕೋ ಸದ್ದಿಗೇ ನನಗೂ ದೊಡ್ಡಕ್ಕನಿಗೂ ಎಲ್ಲ ತಿಳೀತಿತ್ತು. ಒಂದೇ ಏಟಿಗೆ ಸ್ಟ್ಯಾಂಡ್ ಕೂತರೆ ಜೇಬಲ್ಲಿ ಪೆಪ್ಪರ್‌ಮೆಂಟು. ಎರಡು ಸಲ, ಮೂರು ಸಲ ಒದ್ದರೆ ಇಬ್ಬರೂ ಪುಸ್ತಕ ಎತ್ತಿಕೊಂಡು ಹಿತ್ತಲಿಗೆ. ಮಿಲ್ಲಿಗೆ ಬೀಗ ಬಿದ್ದ ವರ್ಷವಂತೂ ಸೈಕಲ್ ಸದ್ದೇ ಇರಲಿಲ್ಲ, ಅಪ್ಪಾಜಿ ಹಗಲೆಲ್ಲ ಮನೆಯಲ್ಲೇ. ಆ ವರ್ಷ ನಾವು ಅವರ ಕುತ್ತಿಗೆಯ ನರ ನೋಡೋದು ಕಲಿತ್ವಿ. ಕಾಟನ್ ಮಿಲ್ಲುಗಳಿಂದಾಗಿ ಈ ಊರನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು ಅಂತ ಟ್ಯೂಷನ್ ಮಕ್ಕಳು ಬಾಯಿಪಾಠ ಮಾಡುವಾಗ ನನಗೆ ಆ ನರವೇ ಕಣ್ಣಿಗೆ ಬರುತ್ತೆ. ಅಪ್ಪಾಜಿ ಕೆಟ್ಟವರಲ್ಲ. ಅದನ್ನ ಇಲ್ಲಿ ಬರೆದಿಡಬೇಕು.

ಆದರೆ ಎಂಟು ವರ್ಷದ ಮಗುವಿಗೆ ದೊಡ್ಡವರ ಉಸಿರು ಎಣಿಸೋ ವಿದ್ಯೆ ಸುಮ್ಮಸುಮ್ಮನೆ ಬರಲ್ಲ. ಅವನು ಅಷ್ಟು ಚೆನ್ನಾಗಿ ಆಡಿದ್ದಕ್ಕೆ ನಾನೂ ಚಪ್ಪಾಳೆ ಹೊಡೆದೆನಲ್ಲ, ಆ ಕೈಯೇ ಈಗ ಭಾರ ಅನ್ನಿಸ್ತಿದೆ.

ಇವರನ್ನ ಎಬ್ಬಿಸಿ ಹೇಳಿದೆ. ‘ಮಕ್ಕಳ ಮಾತು, ಸುಮ್ನೆ ಮಲ್ಕೊ’ ಅಂದರು. ಇರಬಹುದು. ಬರೀ ಬೈಗುಳ ಇರಬಹುದು, ಅಷ್ಟೂ ಇಲ್ಲದಿರಬಹುದು. ಮೇಲೆ ಈಗ ಕುರ್ಚಿ ಎಳೆದ ಸದ್ದಾಯ್ತು. ಆಮೇಲೆ ಏನೂ ಇಲ್ಲ.

ಫ್ರಿಜ್ಜಲ್ಲಿ ಕೇಕು ಮಿಕ್ಕಿದೆ. ನಾಳೆ ಅದನ್ನ ಕೊಡೋ ನೆಪ ಮಾಡಿಕೊಂಡು ಹೋಗ್ತೀನಿ. ಅವನಪ್ಪ ಹತ್ತಕ್ಕೆ ಹೊರಡ್ತಾರೆ, ಹುಡುಗ ಸ್ಕೂಲಲ್ಲಿರ್ತಾನೆ. ಹನ್ನೊಂದಕ್ಕೆ ಅವನಮ್ಮ ಒಬ್ಬಳೇ. ‘ನಿಮ್ಮ ಹುಡುಗ ಆಟದಲ್ಲಿ ಗೆದ್ದ’ ಅಂತ ಶುರು ಮಾಡಬೇಕು. ಆಮೇಲೆ ಅವಳು ‘ಹೆಂಗ್ ಗೆದ್ದ ಅಕ್ಕಾ?’ ಅಂತ ಕೇಳಿದರೆ