ಪೂಲ್ ನೀರು ಎಲ್ಲಿಗೆ ಹೋಗ್ತಿದೆ? ಸೋರಿಕೆ ಹುಡುಕಾಟದ ಲಾಗ್

ಹಿತ್ತಲಿನ ಈಜುಕೊಳದ ಬಗ್ಗೆ ಮೊದಲು ಅನುಮಾನ ಹುಟ್ಟಿಸಿದ್ದು ಕ್ಲೋರಿನ್. ಎಷ್ಟು ಹಾಕಿದರೂ ಸಾಲುತ್ತಿರಲಿಲ್ಲ. ತಾನಾಗಿ ನೀರು ತುಂಬುವ ಫ್ಲೋಟ್ ವಾಲ್ವ್ ಇದ್ದರೆ ಹೀಗೇ ಆಗೋದು. ಹೋದಷ್ಟು ನೀರನ್ನು ಅದು ಸದ್ದಿಲ್ಲದೆ ತುಂಬಿಬಿಡುತ್ತದೆ, ಮಟ್ಟ ಇಳಿದದ್ದು ಕಣ್ಣಿಗೆ ಬೀಳೋದೇ ಇಲ್ಲ. ಹೊಸ ನೀರು ಸೇರಿ ಸೇರಿ ಕ್ಲೋರಿನ್ ಮಾತ್ರ ತೆಳುವಾಗುತ್ತಾ ಹೋಗುತ್ತದೆ. ಹಾಗಾಗಿ ಮೊದಲ ಕೆಲಸ, ಆ ವಾಲ್ವ್ ಬಂದ್.

ಬಕೆಟ್ ಲೆಕ್ಕ

ಬಿಸಿಲಿಗೆ, ಗಾಳಿಗೆ ಒಂದಿಷ್ಟು ನೀರು ಆರಿ ಹೋಗೋದು ಸಹಜ. ದಿನಕ್ಕೆ ನಾಲ್ಕೈದು ಮಿಲಿಮೀಟರ್ ಇಳಿದರೆ ಗಾಬರಿ ಬೇಡ, ಒಣಗಾಳಿ ಬೀಸಿದರೆ ಇನ್ನೂ ಜಾಸ್ತಿ ಇಳಿಯಬಹುದು. ಆರಿದ್ದೆಷ್ಟು, ಸೋರಿದ್ದೆಷ್ಟು ಅಂತ ಬೇರೆ ಮಾಡಿ ತೋರಿಸೋದು ಒಂದು ಸಾದಾ ಬಕೆಟ್. ಪೂಲ್ ನೀರನ್ನೇ ಬಕೆಟ್‌ಗೆ ತುಂಬಿ, ತೇಲದಂತೆ ಒಳಗೊಂದು ಕಲ್ಲು ಹಾಕಿ, ಮೆಟ್ಟಿಲ ಮೇಲೆ ಅರ್ಧಕ್ಕಿಂತ ಹೆಚ್ಚು ಮುಳುಗುವಂತೆ ಇಟ್ಟೆ. ಮುಳುಗಿದ್ದರೆ ಒಳಗಿನ ನೀರೂ ಪೂಲ್‌ನಷ್ಟೇ ಬೆಚ್ಚಗಿರುತ್ತದೆ, ಒಂದೇ ಸಮ ಆರುತ್ತದೆ. ಬಕೆಟ್ ಒಳಗೊಂದು ಟೇಪ್ ಗುರುತು, ಹೊರಗೆ ಪೂಲ್ ಮಟ್ಟಕ್ಕೆ ಇನ್ನೊಂದು. 24 ಗಂಟೆ ಯಾರೂ ನೀರಿಗಿಳಿಯುವ ಹಾಗಿಲ್ಲ ಅಂತ ಮನೆಯಲ್ಲಿ ಹೇಳಿಟ್ಟೆ.

ಬಕೆಟ್ ಒಳಗೆ 6 ಮಿ.ಮೀ. ಇಳಿದಿತ್ತು. ಹೊರಗೆ 25.

ಅಂದರೆ 19 ಮಿ.ಮೀ. ಸೋರಿಕೆ. ಕೇಳೋಕೆ ಚಿಕ್ಕದು. ಆದರೆ ನಮ್ಮ ಪೂಲ್ 8 ಮೀಟರ್ ಉದ್ದ, 4 ಮೀಟರ್ ಅಗಲ. ಒಂದೊಂದು ಮಿಲಿಮೀಟರ್‌ಗೂ 32 ಲೀಟರ್. ಲೆಕ್ಕ ಹಾಕಿದರೆ ದಿನಕ್ಕೆ 600 ಲೀಟರ್‌ಗಿಂತ ಜಾಸ್ತಿ ನೀರು ಮಣ್ಣು ಸೇರುತ್ತಿದೆ!

ಪಂಪ್ ಓಡಿಸಿ, ಪಂಪ್ ನಿಲ್ಲಿಸಿ

ಆ ಮೊದಲ ಅಳತೆ ಪಂಪ್ ಓಡುತ್ತಿದ್ದಾಗಿನದು. ಅದನ್ನೇ ಪಂಪ್ ಆಫ್ ಮಾಡಿ ಮತ್ತೆ ತೆಗೆದೆ. ಪಂಪ್ ಓಡುವಾಗ ಜಾಸ್ತಿ ಇಳಿದರೆ, ನೀರನ್ನು ಪೂಲ್‌ಗೆ ವಾಪಸ್ ತಳ್ಳುವ ರಿಟರ್ನ್ ಪೈಪ್ ಮೇಲೆ ಅನುಮಾನ ಪಡಬೇಕು, ಒತ್ತಡ ಇರುವುದು ಆ ಕಡೆ. ನಿಂತಾಗ ಜಾಸ್ತಿ ಇಳಿದರೆ ಎಳೆಯುವ ಕಡೆಯ ಪೈಪ್ ನೋಡಬೇಕು. ಅಲ್ಲಿ ತೂತಿದ್ದರೆ ಪಂಪ್ ಓಡುವಾಗ ನೀರು ಹೊರಗೆ ಹೋಗುವ ಬದಲು ಗಾಳಿ ಒಳಗೆ ಬರಬಹುದು, ಪಂಪ್‌ನ ಗಾಜಿನ ಮುಚ್ಚಳದಡಿ ಗುಳ್ಳೆ ಕಾಣುತ್ತದೆ. ನನಗೆ ಎರಡೂ ಸಲ ಹೆಚ್ಚುಕಮ್ಮಿ ಒಂದೇ ಲೆಕ್ಕ ಬಂತು. ಗುಳ್ಳೆಯೂ ಇಲ್ಲ.

ಫಿಲ್ಟರ್ ಮೇಲಿನ ಮಲ್ಟಿಪೋರ್ಟ್ ವಾಲ್ವನ್ನೂ, ಅಂದರೆ ನೀರು ಯಾವ ಕಡೆ ಹೋಗಬೇಕು ಅಂತ ತಿರುಗಿಸುವ ಹಿಡಿಕೆಯ ವಾಲ್ವನ್ನೂ ನೋಡಿದೆ. ಒಳಗಿನ ಗ್ಯಾಸ್ಕೆಟ್ (ರಬ್ಬರ್ ಸೀಲ್) ಸವೆದರೆ, ನೀರನ್ನು ಹೊರಗೆ ಬಿಡುವ ವೇಸ್ಟ್ ಪೈಪ್ ಮೂಲಕ ನೀರು ಸುಮ್ನೆ ಹರಿದು ಹೋಗುತ್ತಿರುತ್ತದೆ. ವೇಸ್ಟ್ ಪೈಪ್ ಬಾಯಿ ಒಣಗಿಯೇ ಇತ್ತು. ಪೈಪ್‌ಗಳನ್ನು ಸದ್ಯಕ್ಕೆ ಪಕ್ಕಕ್ಕಿಟ್ಟೆ. ಉಳಿದದ್ದು ಪೂಲ್‌ನ ಗೋಡೆ, ತಳ ಮತ್ತು ಅವುಗಳಲ್ಲಿ ಕೂರಿಸಿರುವ ಫಿಟಿಂಗ್‌ಗಳು.

ನೀರು ತಾನೇ ಎಲ್ಲಿ ನಿಲ್ಲುತ್ತದೆ?

ಇಲ್ಲಿ ಮನೆಯವರೆಲ್ಲ ಒಂದೇ ಜಾಗಕ್ಕೆ ಬೆರಳು ತೋರಿಸುತ್ತಿದ್ದರು. ಟೈಲ್ಸ್ ಸಾಲಿನ ಕೆಳಗೆ ಗ್ರೌಟ್ (ಸಂದಿಗೆ ತುಂಬಿದ ಗಾರೆ) ಬಿರುಕು ಬಿಟ್ಟಿದೆ, ನೋಡೋಕೆ ಭಯಂಕರವಾಗಿದೆ. ಆದರೆ ಕಣ್ಣಿಗೆ ಬಿದ್ದ ಬಿರುಕನ್ನೆಲ್ಲ ಮುಚ್ಚುತ್ತಾ ಹೋಗೋದು ನನಗೆ ಇಷ್ಟವಿಲ್ಲ. ಯಾವುದು ಸೋರುತ್ತಿತ್ತು ಅಂತ ಕೊನೆಗೂ ಗೊತ್ತಾಗಲ್ಲ, ಅಲ್ವಾ? ಸೋರಿಕೆ ಎಷ್ಟು ಎತ್ತರದಲ್ಲಿದೆ ಅನ್ನೋದನ್ನು ನೀರೇ ಹೇಳಲಿ ಅಂತ ಬಿಟ್ಟೆ.

ಪಂಪನ್ನು ವೇಸ್ಟ್‌ಗೆ ತಿರುಗಿಸಿ ನೀರನ್ನು ಸ್ಕಿಮ್ಮರ್ (ಮೇಲೆ ತೇಲುವ ಕಸ ಎಳೆದುಕೊಳ್ಳುವ, ಗೋಡೆಯಲ್ಲಿನ ಡಬ್ಬಿ) ಬಾಯಿಗಿಂತ ಸ್ವಲ್ಪ ಕೆಳಗೆ ಇಳಿಸಿದೆ. ಅಲ್ಲಿಂದ ಪಂಪ್ ಪೂರ್ತಿ ಆಫ್, ಇಲ್ಲದಿದ್ದರೆ ಅದು ಗಾಳಿ ಎಳೆಯುತ್ತದೆ. ಸ್ಕಿಮ್ಮರ್‌ನ ಪ್ಲಾಸ್ಟಿಕ್ಕೂ ಕಾಂಕ್ರೀಟೂ ಸೇರುವ ಕಡೆ ಸಂದಿ ಬಿಡೋದು ತುಂಬಾ ಮಾಮೂಲಿ, ನನ್ನ ಮೊದಲ ಅನುಮಾನವೂ ಅದೇ ಆಗಿತ್ತು. ಆದರೆ ಸ್ಕಿಮ್ಮರ್ ಒಣಗಿದ ಮೇಲೂ ನೀರು ಇಳಿಯುತ್ತಲೇ ಹೋಯಿತು. ಆ ಗ್ರೌಟ್ ಬಿರುಕನ್ನೂ ದಾಟಿತು. ಆಮೇಲೆ ದಿನದಿನಕ್ಕೂ ನಿಧಾನವಾಗುತ್ತಾ ಬಂದು, ಪೂಲ್ ಗೋಡೆಯಲ್ಲಿ ನೀರಿನಡಿ ಕೂರಿಸಿರುವ ಲೈಟಿನ ಮೇಲಂಚಿನ ಹತ್ತಿರ ಬಕೆಟ್ಟೂ ಪೂಲೂ ಸರಿಸಮ ಆದವು. ಸೋರಿಕೆ ನಿಂತಿತ್ತು.

ಇದನ್ನು ಮಾಡುವವರು ಒಂದು ಮಾತು ನೆನಪಿಟ್ಟುಕೊಳ್ಳಿ. ಹುಡುಕುವ ಆತುರದಲ್ಲಿ ಪೂಲ್ ಪೂರ್ತಿ ಖಾಲಿ ಮಾಡಬೇಡಿ. ಸುತ್ತಲಿನ ನೆಲದಲ್ಲಿ ನೀರು ಮೇಲೆ ಇದ್ದರೆ ಅದು ಖಾಲಿ ಪೂಲನ್ನು ಕೆಳಗಿನಿಂದ ಎತ್ತಿಬಿಡಬಹುದು. ಕಾಂಕ್ರೀಟ್ ಪೂಲ್‌ಗಳೂ ಹೀಗೆ ಮೇಲೆದ್ದು ಒಡೆದಿವೆ.

ಬಣ್ಣ ಬಿಟ್ಟು ನೋಡಿದ್ದು

ಲೈಟಿನ ಎತ್ತರದಲ್ಲೇ ಎರಡು ರಿಟರ್ನ್ ಬಾಯಿಗಳೂ ಇವೆ. ಹಾಗಾಗಿ ಶಂಕಿತರು ಮೂವರು. ಲೈಟ್ ಮುಳುಗುವಷ್ಟು ನೀರು ತುಂಬಿ, ಎಲ್ಲ ಅಲುಗಾಟ ನಿಲ್ಲೋವರೆಗೆ ಕಾದೆ. ಲೈಟಿನ ಎಂಸಿಬಿ ಇಳಿಸಿ, ವಿದ್ಯುತ್ ಇಲ್ಲ ಅಂತ ಟೆಸ್ಟರ್ ಹಿಡಿದು ಖಚಿತ ಮಾಡಿಕೊಂಡ ಮೇಲೇ ನೀರಿಗಿಳಿದದ್ದು. ಇದರಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ.

ಸೂಜಿ ತೆಗೆದ ಸಿರಿಂಜ್‌ನಲ್ಲಿ ಅಡುಗೆಗೆ ಬಳಸುವ ಕೆಂಪು ಬಣ್ಣ. ರಿಟರ್ನ್ ಬಾಯಿಯ ಅಂಚಿನಲ್ಲಿ ಒಂದು ಹನಿ ಬಿಟ್ಟರೆ ಅದು ಹೊಗೆಯ ಹಾಗೆ ಅಲ್ಲೇ ಸುತ್ತಾಡಿ ಕರಗಿತು. ಎರಡನೆಯದರಲ್ಲೂ ಅಷ್ಟೇ. ಲೈಟಿನ ರಿಂಗ್ ಪಕ್ಕ ಬಿಟ್ಟಾಗ ಹನಿ ಸ್ವಲ್ಪ ಅನುಮಾನಿಸಿ, ಆಮೇಲೆ ಸಂದಿಯೊಳಗೆ ಸರಿಯಿತು. ಇಷ್ಟಕ್ಕೇ ತೀರ್ಮಾನ ಮಾಡುವ ಹಾಗಿಲ್ಲ. ಲೈಟಿನ ಹಿಂದಿನ ಗೂಡಿನಲ್ಲಿ ಯಾವಾಗಲೂ ನೀರು ಇರುತ್ತದೆ, ಒಂದಿಷ್ಟು ಹೋಗಿಬರುತ್ತಿರುತ್ತದೆ. ಮೇಲಿನ ಸ್ಕ್ರೂ ಬಿಚ್ಚಿ ಲೈಟ್ ಹೊರಗೆಳೆದೆ. ಗೂಡಿನೊಳಗೆ ಹೆಚ್ಚುವರಿ ಕೇಬಲ್ ಸುತ್ತಿಟ್ಟಿರುತ್ತಾರೆ, ಲೈಟನ್ನು ದಂಡೆ ಮೇಲೆ ಇಡಬಹುದು. ಗೂಡಿನ ಹಿಂಭಾಗದಲ್ಲಿ ಕೇಬಲ್ ಒಳಹೋಗುವ ಕಾಂಡ್ಯೂಟ್ ಪೈಪಿನ ಬಾಯಿ ಕಂಡಿತು. ಅದರ ಮುಂದೆ ಬಣ್ಣ ಬಿಟ್ಟದ್ದೇ ತಡ, ಸಣ್ಣ ಕೆಂಪು ಗೆರೆ ನೇರ ಆ ತೂತಿಗೆ. ಮತ್ತೆ ಬಿಟ್ಟೆ, ಮತ್ತೆ ಅದೇ ದಾರಿ. ಮೇಲೆ ಟಾರ್ಚ್ ಹಿಡಿದಿದ್ದ ಮಗಳು "ಅಪ್ಪಾ, ಕುಡೀತಿದೆ!" ಅಂದಳು.

ಈ ಕಾಂಡ್ಯೂಟ್ ನೀರಿನ ಮಟ್ಟಕ್ಕಿಂತ ಮೇಲಿರುವ ಜಂಕ್ಷನ್ ಬಾಕ್ಸ್‌ವರೆಗೆ ಹೋಗುತ್ತದೆ. ಪೈಪ್ ಸರಿಯಿದ್ದರೆ ಒಳಗಿನ ನೀರು ಪೂಲ್ ಮಟ್ಟಕ್ಕೆ ನಿಂತುಬಿಡುತ್ತದೆ, ಎಲ್ಲಿಗೂ ಹೋಗಲ್ಲ. ಮಣ್ಣಿನೊಳಗೆ ಎಲ್ಲೋ ಅದು ಒಡೆದಿದೆ ಅಥವಾ ಜಾಯಿಂಟ್ ಬಿಟ್ಟಿದೆ. ದಂಡೆಯ ಕಲ್ಲು ಅಗೆದು ಅದನ್ನು ಹುಡುಕುವ ಅಗತ್ಯ ನನಗೆ ಕಾಣಲಿಲ್ಲ. ಪೂಲ್ ಕಡೆಯ ಬಾಯಿ ಮುಚ್ಚಿದರೆ ಸಾಕು.

ಮುಚ್ಚಿದ್ದು

ನೀರಿನಡಿ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿ ಸಿಗುತ್ತದೆ, ಭದ್ರವಾಗಿಯೂ ಕೂರುತ್ತದೆ. ಆದರೆ ಮುಂದೆ ಲೈಟ್ ಹೋದಾಗ ಕೇಬಲ್ ಎಳೆಯೋಕೆ ಅದನ್ನು ಕುಟ್ಟಿ ತೆಗೆಯಬೇಕು. ಅದಕ್ಕೇ ಗಟ್ಟಿಯಾಗದ, ಅಂಟಂಟಾದ ಬ್ಯೂಟೈಲ್ ಪುಟ್ಟಿ ಆರಿಸಿದೆ. ಮೊದಲು ಕೇಬಲ್ ಹೊದಿಕೆ ಎಲ್ಲೂ ಬಿರಿದಿಲ್ಲ ಅಂತ ಬೆರಳಾಡಿಸಿ ನೋಡಿದೆ. ಬಿರಿದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಯಬೇಕಿತ್ತು. ಕಾಂಡ್ಯೂಟ್ ಬಾಯಿಯ ಪಾಚಿ ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಕೇಬಲ್ ಸುತ್ತ ಪುಟ್ಟಿಯನ್ನು ಹೆಬ್ಬೆರಳಿನಿಂದ ಒಳಗೆ ಒತ್ತಿ ಒತ್ತಿ ತುಂಬಿದೆ. ಬಣ್ಣದ ಹನಿ ಈ ಸಲ ತೂತಿನ ಮುಂದೆ ಸುಮ್ಮನೆ ನಿಂತಿತು.

ಪೂಲನ್ನು ಮಾಮೂಲಿ ಮಟ್ಟಕ್ಕೆ ತುಂಬಿ ಬಕೆಟ್ ಮತ್ತೆ ಇಟ್ಟೆ. ಒಳಗೆ 5, ಹೊರಗೂ 5. ಪಂಪ್ ಓಡಿಸಿಯೂ ನೋಡಿದೆ, ವ್ಯತ್ಯಾಸ ಇಲ್ಲ.

ಆ ಭಯಂಕರ ಬಿರುಕಿಗೂ ಒಂದು ಹನಿ ಬಿಟ್ಟು ನೋಡಿದೆ, ಒಳಗೆ ಹೋಗಲಿಲ್ಲ. ಗ್ರೌಟ್ ಕೆಲಸ ನಿಧಾನಕ್ಕೆ ಆಗಲಿ. ಫ್ಲೋಟ್ ವಾಲ್ವ್ ಇನ್ನೂ ಬಂದ್ ಇದೆ. ಪುಟ್ಟಿ ಹಿಡಿದು ನಿಲ್ಲುತ್ತದಾ ಅಂತ ಇನ್ನೊಂದಿಷ್ಟು ವಾರ ಟೇಪ್ ಗುರುತು ನೋಡಿ, ಆಮೇಲೆ ತೆರೆಯುತ್ತೇನೆ.