ಕಾಫಿ ಬಿಡದೆ ತೂಕ ಇಳಿಸುವುದು: ಮಳೆಗಾಲದ ಲೆಕ್ಕ

ಮೊದಲು ತೂಕದ ವಿಷಯ ಹೇಳಿಬಿಡುತ್ತೇನೆ. ಮುಂಗಾರು ಹಿಡಿಯುವಾಗ 81 ಕೆಜಿ ಇದ್ದೆ, ಈಗ 76ರ ಆಸುಪಾಸು. ಇಳಿದದ್ದಕ್ಕಿಂತ ಜಾಸ್ತಿ ಖುಷಿ ಏನೆಂದರೆ ಗೌರಿ-ಗಣೇಶ ಹಬ್ಬ ದಾಟಿದರೂ ಅದು ವಾಪಸ್ ಏರಿಲ್ಲ. ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಮನೆಯೊಳಗೆ ಕೂತವರ ಎದುರಿಗೆ ಹಲಸಿನ ಹಪ್ಪಳ, ಪತ್ರೊಡೆ, ಕಡುಬು ಯಾವಾಗಲೂ ಇರುತ್ತದೆ, ಅಲ್ವಾ. ಅದನ್ನೆಲ್ಲ ತಿಂದುಕೊಂಡೇ ಇಷ್ಟಾಗಿದೆ.

ಕಾಫಿ ಕುಡಿದರೆ ತೂಕ ಇಳಿಯುತ್ತಂತೆ ಹೌದಾ ಎಂದು ಕೇಳುವವರು ತುಂಬಾ ಜನ. ಕಾಫಿಯಲ್ಲಿರುವ ಕೆಫೀನ್ ದೇಹದ ಕ್ಯಾಲೊರಿ ಖರ್ಚನ್ನು ಸ್ವಲ್ಪ ಏರಿಸುವುದು ನಿಜ. 100 ಮಿಲಿಗ್ರಾಂ ಕೆಫೀನ್, ಅಂದರೆ ಹೆಚ್ಚುಕಡಿಮೆ ಒಂದು ಗಟ್ಟಿ ಕಾಫಿ, ಸುಮ್ಮನೆ ಕೂತಾಗಿನ ಖರ್ಚನ್ನು ಎರಡು ಎರಡೂವರೆ ಗಂಟೆ ಶೇ 3-4ರಷ್ಟು ಹೆಚ್ಚಿಸುತ್ತದೆ. ಸುಮ್ಮನೆ ಮಲಗಿದ್ದರೂ ದಿನಕ್ಕೆ 1,400 ಕ್ಯಾಲೊರಿ ಸುಡುವ ದೇಹ ಎಂದಿಟ್ಟುಕೊಂಡು ಲೆಕ್ಕ ಹಾಕಿ, ಸಿಗುವುದು ಐದಾರು ಕ್ಯಾಲೊರಿ. ಒಂದು ಚಮಚ ಸಕ್ಕರೆಯಲ್ಲಿ 16ರಿಂದ 20 ಇರುತ್ತದೆ. ಅದೂ ದಿನಾ ಕುಡಿಯುವವರ ದೇಹ ಕೆಫೀನಿಗೆ ಒಗ್ಗಿ ಹೋಗಿರುತ್ತದೆ. ಇಷ್ಟಕ್ಕೆ ದುಡ್ಡು ಕೊಟ್ಟು ಕೊಬ್ಬು ಕರಗಿಸುವ ಮಾತ್ರೆ ತರಬೇಡಿ, ದಯವಿಟ್ಟು.

ಹಾಗಾಗಿ ನಾನು ಕೈ ಹಾಕಿದ್ದು ಲೋಟದೊಳಗಿನ ಹಾಲು, ಸಕ್ಕರೆಗೆ. ನಮ್ಮ ಮನೆ ಲೋಟಕ್ಕೆ 100 ಮಿಲಿಲೀಟರ್ ಹಾಲು, ಎರಡು ಚಮಚ ಸಕ್ಕರೆ ಬೀಳುತ್ತಿತ್ತು. ಹಾಲಿನದ್ದು ಸುಮಾರು 65, ಸಕ್ಕರೆಯದ್ದು 35, ಹತ್ತಿರ ಹತ್ತಿರ 100 ಕ್ಯಾಲೊರಿ. ಎದ್ದ ಕೂಡಲೇ ಒಂದು, ತಿಂಡಿ ಜೊತೆ ಒಂದು, ಹತ್ತೂವರೆಗೆ, ಸಂಜೆಗೆ, ಯಾರಾದರೂ ಬಂದರೆ ಅವರ ಜೊತೆ ಇನ್ನೊಂದು. ಹೊಟ್ಟೆ ತುಂಬದೆಯೇ 500 ಕ್ಯಾಲೊರಿ ಒಳಗೆ ಹೋಗುತ್ತಿತ್ತು. ಸಕ್ಕರೆಯನ್ನು ಒಂದೇ ಸಲ ನಿಲ್ಲಿಸಲಿಲ್ಲ. ಒಂದು ಚಮಚಕ್ಕೆ ಇಳಿಸಿ ನಾಲಿಗೆ ಒಗ್ಗುವವರೆಗೆ ಕಾದು, ಆಮೇಲೆ ಅರ್ಧ, ಆಮೇಲೆ ಏನೂ ಇಲ್ಲ. ಪುಡಿಯನ್ನೂ ಬದಲಿಸಿದೆ. ಅರೇಬಿಕಾ ಜಾತಿಯ ಬೀಜ ಜಾಸ್ತಿ ಇರುವ ಪುಡಿಯ ಡಿಕಾಕ್ಷನ್ ಸಕ್ಕರೆ ಇಲ್ಲದೆಯೂ ಕುಡಿಯಲು ಚೆನ್ನಾಗಿರುತ್ತದೆ, ಕಹಿ ಕಡಿಮೆ. ಇನ್ನೊಂದು ಜಾತಿಯಾದ ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು, ಪುಡಿಗೆ ಬೆರೆಸುವ ಚಿಕೋರಿ ಬೇರಿನಲ್ಲಿ ಇಲ್ಲವೇ ಇಲ್ಲ.

ಕಷ್ಟ ಇದ್ದದ್ದು ಬೇರೆಯವರ ಮನೆಯಲ್ಲಿ. ಹೊಸನಗರದ ಹತ್ತಿರ ನೆಂಟರ ಮನೆಗೆ ಹೋದಾಗ ಸಕ್ಕರೆ ಬೇಡ ಎಂದೆ. "ಯಾಕೆ, ಶುಗರ್ ಬಂತಾ ನಿಂಗೆ?" ಎಂದು ಅತ್ತೆ ಗಾಬರಿಯಾದರು. "ಇಲ್ಲ ಅತ್ತೆ, ಅಭ್ಯಾಸ ಮಾಡ್ಕೊಂಡಿದೀನಿ, ಅರ್ಧ ಲೋಟ ಕೊಡಿ ಸಾಕು" ಎಂದ ಮೇಲೆ ಸಮಾಧಾನ. ಈಗ ಅವರೇ ನೆನಪಿಟ್ಟು ಹಾಗೇ ಕೊಡುತ್ತಾರೆ, ಇದು ನನಗೆ ಬಹಳ ದೊಡ್ಡ ಸಹಾಯ.

ಸಂಜೆ ಕಾಫಿ ಪೂರ್ತಿ ನಿಲ್ಲಿಸಿದ್ದೇನೆ. ದಣಿವು, ನಿದ್ದೆ ತರುವ ಅಡೆನೊಸಿನ್ ಎಂಬ ವಸ್ತು ಮಿದುಳಿನಲ್ಲಿ ಕೆಲಸ ಮಾಡದಂತೆ ಕೆಫೀನ್ ತಡೆಯುತ್ತದೆ. ಕುಡಿದದ್ದರಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಐದಕ್ಕೆ ಕುಡಿದರೆ ರಾತ್ರಿ ಹತ್ತಕ್ಕೂ ಅರ್ಧ ಒಳಗೇ ಇರುತ್ತದೆ. ನಿದ್ದೆ ಕಡಿಮೆಯಾದರೆ ಮಾರನೇ ದಿನ ಹಸಿವು ಜಾಸ್ತಿ, ಕೈ ಹೋಗುವುದು ಕರಿದ ತಿಂಡಿಗೇ. ಈಗ ಸಂಜೆಗೆ ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಕಷಾಯ, ಸ್ವಲ್ಪ ಹಾಲು ಮಾತ್ರ, ಬೆಲ್ಲ ಇಲ್ಲ. ಬೆಲ್ಲದಲ್ಲೂ ಸಕ್ಕರೆಯಷ್ಟೇ ಕ್ಯಾಲೊರಿ ಇದೆ, ಇದನ್ನು ಹೇಳಿದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ! ಕಾಫಿ ಕಡಿಮೆ ಮಾಡುವವರು ನಿಧಾನವಾಗಿ ಮಾಡಿ, ಥಟ್ಟನೆ ಬಿಟ್ಟರೆ ತಲೆನೋವು ಹಿಡಿಯುತ್ತದೆ. ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್ ಮಿತಿ, ಬಸುರಿಯರಿಗೆ 200.

ಊಟದಲ್ಲಿ ಅನ್ನ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಜೀವನಪೂರ್ತಿ ಮಾಡಲಾಗದ ಪಥ್ಯದಲ್ಲಿ ಇಳಿದ ತೂಕ ನಿಲ್ಲುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತೂಕ ಇಳಿದ ದೇಹ ಖರ್ಚು ಮಾಡುವುದೂ ಕಡಿಮೆ, ಹಾಗಾಗಿ ಹಳೆ ಊಟಕ್ಕೆ ಮರಳಿದರೆ ಹಳೆ ತೂಕವೂ ಮರಳುತ್ತದೆ. ಮೊದಲು ಪಲ್ಯ, ಕಾಳು, ಒಂದೆಲಗದ ತಂಬುಳಿ, ಆಮೇಲೆ ಒಂದೇ ಸಲ ಬಡಿಸಿಕೊಂಡ ಅನ್ನ. ಊಟವಾದ ಕೂಡಲೇ ಕಾಫಿ ಇಲ್ಲ, ಊಟದ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಸೇರಲು ಅದು ಬಿಡುವುದಿಲ್ಲ. ಬೆಳಗಿನ ಕಾಫಿ ಕುಡಿದು ತೋಟದ ದಿಬ್ಬ ಹತ್ತುತ್ತೇನೆ. ಕೆಫೀನ್ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ, ಸುಸ್ತು ಕಡಿಮೆ ಅನಿಸಿ ಇನ್ನೊಂದು ಸುತ್ತು ಹಾಕಬಹುದು.

ಮುಂದಿನದು ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ಕಾಲ. ರಾತ್ರಿ ಅಡಿಕೆ ಸುಲಿಯುವಾಗ ಎಲ್ಲರಿಗೂ ಕಾಫಿ, ಮಂಡಕ್ಕಿ, ಚಕ್ಕುಲಿ ಬರುತ್ತದೆ. ನನ್ನ ಪಾಲಿಗೆ ಫ್ಲಾಸ್ಕಿನಲ್ಲಿ ಕಷಾಯ ಇಟ್ಟುಕೊಳ್ಳುವುದು, ಚಕ್ಕುಲಿ ಒಂದೇ ತಿನ್ನುವುದು, ವಾರಕ್ಕೊಮ್ಮೆ ತೂಕ ನೋಡುವುದು ಎಂದು ನಿರ್ಧರಿಸಿದ್ದೇನೆ. 77 ದಾಟದೆ ಸುಗ್ಗಿ ಮುಗಿದರೆ ಸಾಕು, ಇನ್ನೂ ಇಳಿಸುವ ಯೋಚನೆ ಅಡಿಕೆ ಒಣಗಿದ ಮೇಲೆ.